ಬಳ್ಳಾರಿಯ ಹೆದ್ದಾರಿ ವೃತ್ತ: ಮೇಲ್ಸೇತುವೆ ಕಟ್ಟಿದರೆ ದಟ್ಟಣೆ ನೀಗುವುದೇ?

ಪ್ರಶ್ನೆ: ಸರ್, ಬಳ್ಳಾರಿಯಲ್ಲಿ ಹೆದ್ದಾರಿ ಹಾದುಹೋಗುವ ವೃತ್ತವೊಂದರ ಮೂಲೆಯಲ್ಲಿ ನಮ್ಮ ತಂದೆಯವರ ಕಾಲದಿಂದಲೂ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇದೆ. ಸಂಜೆ ಆರರಿಂದ ಎಂಟೂವರೆಯವರೆಗೆ ಅದಿರು ಲಾರಿ, ಹಾರುಬೂದಿಯ ಟ್ಯಾಂಕರ್, ಬಸ್ಸು, ಆಟೋ, ಟ್ರ್ಯಾಕ್ಟರ್ ಎಲ್ಲವೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಲ್ಲುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿರುವಂತೆ ಸುತ್ತುಸೇತುವೆ ಕಟ್ಟಬೇಕು ಎಂದು ಕೆಲವರು, ಕೆಳಸೇತುವೆ ಸಾಕು ಎಂದು ಕೆಲವರು, ವೃತ್ತದ ನಡುವಿನ ದ್ವೀಪ ಕಿತ್ತು ಸಿಗ್ನಲ್ ಹಾಕಿದರೆ ಆಯಿತು ಎಂದು ಇನ್ನು ಕೆಲವರು ಹೇಳುತ್ತಾರೆ. ನಮ್ಮ ಎರೆ ಮಣ್ಣಿನಲ್ಲಿ ಅಷ್ಟು ಭಾರದ ಸೇತುವೆ ನಿಲ್ಲುವುದೇ? ವರ್ಷಗಟ್ಟಲೆ ಅಗೆದು ಕಟ್ಟಿದ ಮೇಲೂ ದಟ್ಟಣೆ ಹಾಗೆಯೇ ಉಳಿದರೆ ಗತಿಯೇನು? ನನ್ನ ಮಗಳು ಸೈಕಲ್‌ನಲ್ಲಿ ಇದೇ ವೃತ್ತ ದಾಟಿ ಶಾಲೆಗೆ ಹೋಗುತ್ತಾಳೆ. ಅಂಗಡಿಯ ಜಾಗ ಹೋಗುವುದಾದರೆ ನಾವು ಮಾಡಬೇಕಾದದ್ದೇನು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲವುಗಳ ಅಡಿಯಲ್ಲಿ ಒಂದೇ ಆತಂಕವಿದೆ: ವರ್ಷಗಟ್ಟಲೆ ಧೂಳು ಕುಡಿದು, ವ್ಯಾಪಾರ ಕಳೆದುಕೊಂಡು, ಅಂಗಡಿಯ ಮುಂಭಾಗವನ್ನೂ ಬಿಟ್ಟುಕೊಟ್ಟ ಮೇಲೆ ಸಂಜೆಯ ಸಾಲು ಹಾಗೆಯೇ ನಿಂತಿದ್ದರೆ ಏನು ಮಾಡುವುದು ಎಂಬುದು. ರಸ್ತೆ ಮತ್ತು ಸೇತುವೆಗಳ ವಿನ್ಯಾಸದಲ್ಲಿ ಬಹಳ ವರ್ಷ ದುಡಿದವನಾಗಿ ಹೇಳುವುದಾದರೆ, ಈ ಆತಂಕ ಆಧಾರವಿಲ್ಲದ್ದಲ್ಲ. ಸೇತುವೆ ಗಟ್ಟಿಯಾಗಿ ನಿಂತೂ ದಟ್ಟಣೆ ನೀಗದ ಉದಾಹರಣೆಗಳು ನಮ್ಮ ರಾಜ್ಯದಲ್ಲಿಯೇ ಇವೆ. ಅದಕ್ಕೆ ಕಾರಣ ಕಾಂಕ್ರೀಟಿನಲ್ಲಿರುವುದಿಲ್ಲ, ಸೇತುವೆಯ ಆಕಾರವನ್ನು ನಿರ್ಧರಿಸುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳದೇ ಹೋದದ್ದರಲ್ಲಿ ಇರುತ್ತದೆ. ಆ ಪ್ರಶ್ನೆ ಇಷ್ಟೇ: ಈ ವೃತ್ತಕ್ಕೆ ಬರುವ ಪ್ರತಿಯೊಂದು ವಾಹನ ಎಲ್ಲಿಂದ ಬಂತು, ಎಲ್ಲಿಗೆ ತಿರುಗಿತು?

ಬಳ್ಳಾರಿಯ ಸ್ಥಾನವನ್ನು ಗಮನಿಸಿ. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳ ಮೇಲೆ ಬಂದು ಗುಂತಕಲ್ಲು ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 67, ಅಂದರೆ ಹಿರಿಯರು ಇಂದಿಗೂ 63 ಎಂದೇ ಕರೆಯುವ ರಸ್ತೆ, ನಗರಕ್ಕೆ ಪಶ್ಚಿಮದಿಂದ ಬರುತ್ತದೆ. ಸಿಂಧನೂರು, ಸಿರುಗುಪ್ಪಗಳಿಂದ ಇಳಿದು ಹಿರಿಯೂರಿನ ಕಡೆಗೆ ಹೋಗುವ 150ಎ ಉತ್ತರದಿಂದ ಬರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಸಂಡೂರಿನ ಗಣಿಗಳು ಎಲ್ಲವೂ ಹೊಸಪೇಟೆಯ ದಿಕ್ಕಿನಲ್ಲಿಯೇ ಇವೆ. ಹೀಗಾಗಿ ಪೇಟೆಗೆ ಹೊರಟ ಆಟೋ ಮತ್ತು ಪೇಟೆಯ ಸಂಬಂಧವೇ ಇಲ್ಲದೆ ಆಂಧ್ರದ ಕಡೆಗೆ ಹೊರಟ ಹದಿನಾಲ್ಕು ಚಕ್ರದ ಲಾರಿ ಒಂದೇ ವೃತ್ತದಲ್ಲಿ, ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವುದಕ್ಕೆ ಮುಂಚಿನ ವರ್ಷಗಳ ಅದಿರು ಲಾರಿಗಳ ಸಾಲನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಆಗಲೂ ಸಮಸ್ಯೆಯ ಬೇರು ಇದೇ ಆಗಿತ್ತು: ಊರನ್ನು ದಾಟಿ ಹೋಗುವವರಿಗೂ ಊರೊಳಗೆ ಓಡಾಡುವವರಿಗೂ ಒಂದೇ ರಸ್ತೆ.

ಇಂತಹ ಕೂಡುರಸ್ತೆಯ ಅಧ್ಯಯನವೆಂದರೆ ಮೂಲೆಯಲ್ಲಿ ನಿಂತು ವಾಹನಗಳನ್ನು ಎಣಿಸುವುದು ಮಾತ್ರವಲ್ಲ. ಒಮ್ಮೆ ಬೆಳಗಿನ ಆರು ಗಂಟೆಯಿಂದ ರಾತ್ರಿಯವರೆಗೆ ಇಂಥದೇ ವೃತ್ತದಲ್ಲಿ ಎಣಿಕೆಯವರ ಜೊತೆಯಲ್ಲಿ ನಾನೂ ನಿಂತಿದ್ದೆ. ಹನ್ನೆರಡು ಹಾಳೆಗಳು, ನಾಲ್ಕು ದಿಕ್ಕಿಗೂ ಎಡ, ನೇರ, ಬಲ ಎಂದು ಮೂರು ಮೂರು. ಬಲಕ್ಕೆ ತಿರುಗುವ ಹಾಳೆಯಲ್ಲಿ ಗೀಟುಗಳು ಕಡಿಮೆ ಇದ್ದವು. ಆದರೆ ಒಂದು ಟಿಪ್ಪರ್ ಬಲಕ್ಕೆ ತಿರುಗಲು ಮೂತಿ ಚಾಚಿದ ಕೂಡಲೇ ಎದುರಿನ ಬಸ್ಸು ನಿಂತಿತು, ಬಸ್ಸಿನ ಎಡಕ್ಕೆ ಮೂರು ಬೈಕುಗಳು ನುಗ್ಗಿದವು, ಅವುಗಳನ್ನು ತಪ್ಪಿಸಲು ಆಟೋ ಬಲಕ್ಕೆ ಸರಿದು ಟಿಪ್ಪರಿನ ಹಿಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರ ನಿಂತಿತು. ಕ್ಲೀನರ್ ಕೆಳಗಿಳಿದು ಟಿಪ್ಪರಿನ ಬಾಗಿಲನ್ನು ಅಂಗೈಯಿಂದ ಬಡಿಯುತ್ತ ದಾರಿ ಬಿಡಿಸುವ ಹೊತ್ತಿಗೆ ನಾಲ್ಕೂ ಕಡೆ ಸಾಲು ಬೆಳೆದಿತ್ತು. ವೃತ್ತವನ್ನು ಕಟ್ಟಿಹಾಕುವುದು ವಾಹನಗಳ ಸಂಖ್ಯೆಗಿಂತಲೂ ಹೆಚ್ಚಾಗಿ ಅವು ಒಂದನ್ನೊಂದು ಅಡ್ಡ ಹಾಯುವ ಬಗೆ ಎಂಬುದನ್ನು ಅಂದು ನಾನು ಚೆನ್ನಾಗಿ ಕಲಿತೆ.

ಎಣಿಕೆಯ ದಿನವೂ ಮುಖ್ಯವಾದದ್ದು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆ ಹೆದ್ದಾರಿಯ ಎಣಿಕೆಯನ್ನು ವರ್ಷಕ್ಕೆ ಎರಡು ಬಾರಿ, ಸುಗ್ಗಿಯಲ್ಲಿ ಒಮ್ಮೆ ಮತ್ತು ಸುಗ್ಗಿಯಿಲ್ಲದಾಗ ಒಮ್ಮೆ, ಸತತ ಏಳು ದಿನ ಹಗಲಿರುಳು ಮಾಡಬೇಕು ಎನ್ನುತ್ತದೆ. ಮೆಣಸಿನಕಾಯಿ ತುಂಬಿದ ಲಾರಿಗಳು ಬ್ಯಾಡಗಿಯ ಕಡೆಗೆ ಹೊರಡುವ ತಿಂಗಳುಗಳಲ್ಲಿ ಎಣಿಸಿದರೆ ಒಂದು ಲೆಕ್ಕ, ಮಳೆಗಾಲದಲ್ಲಿ ಎಣಿಸಿದರೆ ಇನ್ನೊಂದು ಲೆಕ್ಕ. ಕನಕದುರ್ಗಮ್ಮನ ಸಿಡಿಬಂಡಿಯ ದಿನದ ಎಣಿಕೆಯಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈಗ ಸಿಗ್ನಲ್ ವಿಚಾರಕ್ಕೆ ಬರೋಣ. ನಮ್ಮಲ್ಲಿ ಬೇರೆ ಬೇರೆ ವಾಹನಗಳನ್ನು ಕಾರಿನ ಅಳತೆಗೆ ಇಳಿಸಿ ಲೆಕ್ಕ ಹಾಕುವ ಪದ್ಧತಿ ಇದೆ. ಪೇಟೆಯ ರಸ್ತೆಯಲ್ಲಿ ಲಾರಿ, ಬಸ್ಸುಗಳ ಪಾಲು ಹೆಚ್ಚಿದ್ದರೆ ಒಂದು ಲಾರಿಯನ್ನು 3.7 ಕಾರುಗಳಿಗೆ ಸಮವೆಂದೂ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಪಾಲು ಹೆಚ್ಚಿದ್ದರೆ ಅದನ್ನು 5 ಕಾರುಗಳಿಗೆ ಸಮವೆಂದೂ ಹಿಡಿಯುತ್ತಾರೆ. 7 ಮೀಟರ್ ಅಗಲದ ರಸ್ತೆಗೆ ಗಂಟೆಪೂರ್ತಿ ಹಸಿರು ದೀಪ ಕೊಟ್ಟರೆ ಮೀಟರಿಗೆ 525ರಂತೆ ಸುಮಾರು 3,675 ಕಾರುಗಳಷ್ಟು ದಟ್ಟಣೆ ಹಾಯ್ದುಹೋಗುತ್ತದೆ. ಆದರೆ ನಾಲ್ಕು ದಿಕ್ಕಿಗೂ ಸರದಿ ಪ್ರಕಾರ ಬಿಡುವಾಗ, 120 ಸೆಕೆಂಡಿನ ಸುತ್ತಿನಲ್ಲಿ ಒಂದೊಂದು ದಿಕ್ಕಿಗೆ ನಿಜವಾಗಿ ದಕ್ಕುವುದು 25 ಸೆಕೆಂಡು. ಅಂದರೆ ಗಂಟೆಗೆ ಒಂದು ದಿಕ್ಕಿನಿಂದ 765, ನಾಲ್ಕೂ ದಿಕ್ಕಿನಿಂದ ಸುಮಾರು 3,060. ದ್ವೀಪವಿರುವ ವೃತ್ತಕ್ಕೂ ನಮ್ಮ ಹಳೆಯ ಕೈಪಿಡಿ ಹೇಳುವ ಮಿತಿ ಗಂಟೆಗೆ ಸುಮಾರು 3,000 ವಾಹನಗಳೇ. ಆದ್ದರಿಂದ ದ್ವೀಪ ಕಿತ್ತು ಸಿಗ್ನಲ್ ಹಾಕಿದ ಮಾತ್ರಕ್ಕೆ ಜಾದೂ ನಡೆಯುವುದಿಲ್ಲ.

ಆದರೆ ಅದೇ ಸಿಗ್ನಲ್‌ನಲ್ಲಿ ಬಲತಿರುವನ್ನು ನಿಷೇಧಿಸಿ, ಬಲಕ್ಕೆ ಹೋಗಬೇಕಾದವರು ನೇರವಾಗಿ ಮುಂದೆ ಹೋಗಿ ಯೂ-ಟರ್ನ್ ತೆಗೆದುಕೊಂಡು ಬರುವಂತೆ ಮಾಡಿದರೆ ನಾಲ್ಕು ಸರದಿಯ ಜಾಗದಲ್ಲಿ ಎರಡು ಸಾಕಾಗುತ್ತವೆ. ಆಗ ಪ್ರತಿ ದಿಕ್ಕಿಗೆ 55 ಸೆಕೆಂಡು ಸಿಗುತ್ತದೆ, ಕಾಗದದ ಮೇಲೆ ಸಾಮರ್ಥ್ಯ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಯೂ-ಟರ್ನ್ ತೆಗೆದುಕೊಂಡವರು ವೃತ್ತವನ್ನು ಎರಡು ಸಲ ದಾಟುವುದರಿಂದ ನಿಜವಾದ ಲಾಭ ಅಷ್ಟಿರುವುದಿಲ್ಲ, ಆದರೂ ಸಣ್ಣದಲ್ಲ. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ: ಉದ್ದನೆಯ ಟ್ರೇಲರ್ ಒಂದೇ ಪ್ರಯತ್ನದಲ್ಲಿ ತಿರುಗಲು ಬೇಕಾದಷ್ಟು ರಸ್ತೆಯನ್ನು ಆ ಜಾಗದಲ್ಲಿ ಅಗಲ ಮಾಡದೆ ಬರೀ ಡಿವೈಡರ್ ಒಡೆದು ಬಿಟ್ಟರೆ, ವೃತ್ತದಲ್ಲಿದ್ದ ದಟ್ಟಣೆ 300 ಮೀಟರ್ ಆಚೆಗೆ ಹೋಗಿ ಕೂರುತ್ತದೆ. ವೃತ್ತದ ಬಾಯಲ್ಲಿಯೇ ಇರುವ ಬಸ್ ನಿಲ್ದಾಣ ಹಾಗೂ ಆಟೋ ನಿಲ್ದಾಣಗಳನ್ನು ನೂರು ಮೀಟರ್ ಆಚೆಗೆ ಸರಿಸುವುದೂ ಇದರ ಜೊತೆಗೇ ಆಗಬೇಕು. ಕೋಟಿಗಟ್ಟಲೆ ಹಣ ಬೇಡದ ಈ ಕೆಲಸವನ್ನು ಮೊದಲು ಮಾಡಿ, ಆರು ತಿಂಗಳು ನೋಡಿ, ಆಮೇಲೆ ಸೇತುವೆಯ ಮಾತಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಸೇತುವೆ ಯಾವಾಗ ಬೇಕು? ರಸ್ತೆಗಳು ಮೇಲೆ ಕೆಳಗೆ ಹಾಯ್ದು ಏರು-ಇಳಿ ದಾರಿಗಳಿಂದ ಕೂಡುವ ಪೇಟೆಯ ಇಂಟರ್‌ಚೇಂಜ್‌ಗಳ ಕುರಿತ ನಮ್ಮ ಮಾರ್ಗಸೂಚಿ, ಎಲ್ಲ ದಿಕ್ಕುಗಳ ದಟ್ಟಣೆ ಸೇರಿ ಗಂಟೆಗೆ 10,000 ಕಾರು-ಸಮಾನ ದಾಟಿದಾಗ ರಸ್ತೆಗಳನ್ನು ಮೇಲೆ ಕೆಳಗೆ ಬೇರ್ಪಡಿಸುವುದು ಸಮರ್ಥನೀಯ ಎನ್ನುತ್ತದೆ. ನಿಮ್ಮ ವೃತ್ತ ಆ ಮಟ್ಟದಲ್ಲಿದೆಯೇ ಎಂಬುದನ್ನು ಎಣಿಕೆಯೇ ಹೇಳಬೇಕು, ಸಂಜೆಯ ಹಾರ್ನ್ ಸದ್ದಿನಿಂದ ತಿಳಿಯುವುದಿಲ್ಲ.

ಹೆಬ್ಬಾಳದ ಮಾತು ಎತ್ತಿದ್ದೀರಿ. ಆ ಸೇತುವೆ ಇರುವುದೂ ಬಳ್ಳಾರಿಯ ಹೆಸರಿನ ರಸ್ತೆಯ ಮೇಲೆಯೇ. 2003ರಲ್ಲಿ ಅದು ಸಂಚಾರಕ್ಕೆ ತೆರೆದಾಗ ನಮ್ಮಂಥ ಎಂಜಿನಿಯರುಗಳು ಅದನ್ನು ನೋಡಲೆಂದೇ ಹೋಗುತ್ತಿದ್ದೆವು. ಐದು ವರ್ಷಗಳ ನಂತರ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು, ನಗರ ಉತ್ತರಕ್ಕೆ ಬೆಳೆಯಿತು. ವಿಮಾನ ನಿಲ್ದಾಣದ ಕಡೆಯಿಂದ, ಕೆ.ಆರ್.ಪುರದ ಕಡೆಯಿಂದ, ತುಮಕೂರು ರಸ್ತೆಯ ಕಡೆಯಿಂದ ಬರುವ ಸಾಲುಗಳೆಲ್ಲ ಮೇಖ್ರಿ ವೃತ್ತದ ಕಡೆಗೆ ಇಳಿಯುವಾಗ ಕೆಲವೇ ಪಥಗಳಲ್ಲಿ ಕೂಡಿಕೊಳ್ಳಬೇಕಾಯಿತು. ಸೇತುವೆಯ ಮೇಲೆ ಜಾಗವಿದ್ದರೂ ಇಳಿದ ಕಡೆ ಜಾಗವಿಲ್ಲ, ಆದ್ದರಿಂದ ಸಾಲು ಹಿಂದಕ್ಕೆ ಬೆಳೆದು ಸೇತುವೆಯನ್ನೇ ಹತ್ತಿತು. ಕಡೆಗೆ ಹೊಸ ಸುತ್ತುಗಳನ್ನು ಸೇರಿಸುವ ಕೆಲಸ ನಡೆದು, ಕೆ.ಆರ್.ಪುರದ ಕಡೆಯಿಂದ ಮೇಖ್ರಿ ವೃತ್ತದತ್ತ ಬರುವ ಹೊಸ ಸುತ್ತು 2025ರಲ್ಲಿ ಸಂಚಾರಕ್ಕೆ ತೆರೆಯಿತು. ಇಂಟರ್‌ಚೇಂಜ್ ಸೋಲುವುದು ಅದರ ನಡುವಿನಲ್ಲಿ ಅಲ್ಲ, ಅಂಚಿನಲ್ಲಿ. ಎರಡು ಸಾಲುಗಳು ಒಂದಾಗುವ ಆ ಇನ್ನೂರು ಮೀಟರಿನಲ್ಲಿ. ನಿಮ್ಮ ವೃತ್ತದ ನಕ್ಷೆ ಬಂದಾಗ ಸೇತುವೆಯ ಚಿತ್ರವನ್ನು ಬಿಟ್ಟು, ರ‍್ಯಾಂಪ್ ಇಳಿಯುವ ಜಾಗದಿಂದ ಮುಂದಿನ ವೃತ್ತದವರೆಗಿನ ಭಾಗವನ್ನೇ ಮೊದಲು ನೋಡಿ.

ನಾಲ್ಕೆಲೆಯ ಆಕಾರದ ಸುತ್ತುಸೇತುವೆ ಮೇಲಿನಿಂದ ನೋಡಲು ಚೆಂದ. ಅಮೆರಿಕದ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ 1929ರಲ್ಲಿಯೇ ಅಂಥದ್ದು ಬಂದಿತ್ತು, ಚೆನ್ನೈನ ಕತ್ತಿಪಾರದಲ್ಲಿ 2008ರಲ್ಲಿ ಬಂತು. ಅದರ ತೊಂದರೆ ಎಂದರೆ, ಒಂದು ಎಲೆಯಿಂದ ಸುತ್ತಿ ಬಂದವನು ರಸ್ತೆಗೆ ಸೇರಲು ಬಲಕ್ಕೆ ಸರಿಯುತ್ತಿರುವ ಅದೇ ಗಿಡ್ಡ ದೂರದಲ್ಲಿ, ಮುಂದಿನ ಎಲೆಗೆ ಹೋಗಬೇಕಾದವನು ಎಡಕ್ಕೆ ಸರಿಯಬೇಕು. ವಾಹನಗಳು ಕಡಿಮೆ ಇದ್ದಾಗ ಈ ಹೆಣೆದಾಟ ಸುಸೂತ್ರ, ಹೆಚ್ಚಾದಾಗ ಗಂಟು. ಈ ಕಾರಣಕ್ಕೇ ಅಮೆರಿಕದಲ್ಲಿ ಅನೇಕ ಕಡೆ ಹಳೆಯ ಸುತ್ತುಗಳನ್ನು ಕಿತ್ತು ಬೇರೆ ಆಕಾರಕ್ಕೆ ಬದಲಾಯಿಸುತ್ತಿದ್ದಾರೆ. ಜೊತೆಗೆ 30ರಿಂದ 40 ಮೀಟರ್ ತ್ರಿಜ್ಯದ ಒಂದೇ ಸುತ್ತಿಗೆ 60ರಿಂದ 80 ಮೀಟರ್ ಅಡ್ಡಳತೆಯ ಜಾಗ ಬೇಕು, ಅಂಥವು ನಾಲ್ಕು. ಪೇಟೆಯೊಳಗಿನ ವೃತ್ತದಲ್ಲಿ ಇದರರ್ಥ ನಾಲ್ಕೂ ಮೂಲೆಗಳ ಅಂಗಡಿ, ಮನೆಗಳೆಲ್ಲ ಹೋಗುವುದು. ತುಂಬಿದ ಟಿಪ್ಪರ್ ಅಷ್ಟು ಬಿಗಿಯಾದ ತಿರುವಿನಲ್ಲಿ ಏರುವಾಗ ಹಿಂದಿನವರೆಲ್ಲ ಅದರ ವೇಗಕ್ಕೇ ನಡೆಯಬೇಕಾಗುತ್ತದೆ. ನಿಮ್ಮ ಊರಿಗೆ ಇದನ್ನು ನಾನು ಸಲಹೆ ಮಾಡುವುದಿಲ್ಲ.

ಒಂದೇ ದಿಕ್ಕಿನ ನೇರ ಮೇಲ್ಸೇತುವೆ ಮತ್ತು ಕೆಳಗೆ ಸಿಗ್ನಲ್, ಇದು ಹೆಚ್ಚು ವಾಸ್ತವದ ದಾರಿ. ದಾಟಿ ಹೋಗುವ ಲಾರಿಗಳೇ ಹೆಚ್ಚಿದ್ದರೆ ಅವು ಮೇಲೆ ಹೋಗುತ್ತವೆ, ಊರಿನವರು ಕೆಳಗೆ ಉಳಿಯುತ್ತಾರೆ. ಇದರ ಬೆಲೆಯನ್ನು ಅಂಗಡಿಯವರಿಗೆ ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಕೆಳಗೆ 5.5 ಮೀಟರ್ ಎತ್ತರ ಬಿಡಬೇಕು, ತೊಲೆ ಮತ್ತು ಚಪ್ಪಡಿಗೆ ಸುಮಾರು 2 ಮೀಟರ್, ಒಟ್ಟು ಏಳೂವರೆ ಮೀಟರ್ ಏರಬೇಕು. ತುಂಬಿದ ಲಾರಿ ಏರಲು ಮೂವತ್ತು ಮೀಟರಿಗೆ ಒಂದು ಮೀಟರ್ ಏರು ಕೊಟ್ಟರೂ ಪ್ರತಿ ಕಡೆ 225 ಮೀಟರ್, ಮೇಲೆ ಕೆಳಗೆ ರಸ್ತೆಯನ್ನು ನಯವಾಗಿ ಬಾಗಿಸುವ ಉದ್ದ ಬೇರೆ. ಅಷ್ಟುದ್ದದ ಗೋಡೆಯ ಎರಡೂ ಬದಿಯ ಓಣಿಗಳು ಒಂದನ್ನೊಂದು ಕಾಣದಂತಾಗುತ್ತವೆ. ಎದುರುಗಡೆಯ ಗಿರಾಕಿ ನಿಮ್ಮ ಅಂಗಡಿಗೆ ಬರಲು ವೃತ್ತದವರೆಗೆ ಹೋಗಿ ಸುತ್ತಿ ಬರಬೇಕು. ಮಣ್ಣು ತುಂಬಿದ ಗೋಡೆಯ ಬದಲು ಸಾಧ್ಯವಾದಷ್ಟು ಉದ್ದಕ್ಕೆ ಕಂಬಗಳ ಮೇಲೆಯೇ ರ‍್ಯಾಂಪ್ ಕಟ್ಟಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಖರ್ಚು ಹೆಚ್ಚು, ಆದರೆ ಊರು ಎರಡು ಹೋಳಾಗುವುದಿಲ್ಲ.

ಕೆಳಸೇತುವೆಗೆ ಎತ್ತರದ ತೊಂದರೆಯಿಲ್ಲ, ನೀರಿನ ತೊಂದರೆಯಿದೆ. ಬಳ್ಳಾರಿಯದು ಒಣ ಸೀಮೆ, ಇಲ್ಲಿ ಎಲ್ಲಿಯ ನೀರು ಎಂದು ಹೇಳುವವರಿದ್ದಾರೆ. ಕೆಳಸೇತುವೆಯನ್ನು ಮುಳುಗಿಸುವುದು ವರ್ಷದ ಮಳೆಯಲ್ಲ, ಒಂದು ಗಂಟೆಯ ಮಳೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅದೂ ಸ್ವಲ್ಪ ಹೊತ್ತಿನ ಮಳೆಯೇ. ನೀರು ಇಳಿಜಾರಿನಲ್ಲಿ ತಾನಾಗಿ ಹರಿದುಹೋಗುವ ಜಾಗವಿದ್ದರೆ ಮಾತ್ರ ಕೆಳಸೇತುವೆ ಸರಿ. ಪಂಪನ್ನೇ ನಂಬಬೇಕಾದಲ್ಲಿ, ಮಳೆ ಬಂದಾಗಲೇ ಕರೆಂಟು ಹೋಗುತ್ತದೆ ಎಂಬುದು ಪಂಪ್ ಮಾರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎರೆ ಮಣ್ಣಿನ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ, ಆದರೆ ಭಯ ತಪ್ಪು ಜಾಗದಲ್ಲಿದೆ. ಕಂಬದ ಬುನಾದಿ ಎರೆಯ ಮೇಲೆ ಕೂರುವುದಿಲ್ಲ, ಎರೆಯನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಅಥವಾ ಬಂಡೆಗೆ ಇಳಿಯುತ್ತದೆ. ಬಳ್ಳಾರಿಯ ನೆಲದಡಿಯಲ್ಲಿ ಕಲ್ಲಿಗೆ ಕೊರತೆಯಿಲ್ಲವೆಂಬುದಕ್ಕೆ ಊರ ನಡುವಿನ ಗುಡ್ಡವೇ ಸಾಕ್ಷಿ. ಭಯಪಡಬೇಕಾದದ್ದು ಸೇತುವೆಯನ್ನು ಸೇರುವ ಮಣ್ಣಿನ ಏರಿಯ ಬಗ್ಗೆ ಮತ್ತು ಸರ್ವಿಸ್ ರಸ್ತೆಯ ಬಗ್ಗೆ. ಮಳೆಗೆ ಉಬ್ಬುವ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುವ ಎರೆಯ ಮೇಲೆ ನೇರವಾಗಿ ಏರಿ ಹಾಕಿದರೆ ಎರಡೇ ವರ್ಷದಲ್ಲಿ ಅದು ಕುಸಿದು, ಸೇತುವೆಯ ಕಾಂಕ್ರೀಟು ಮತ್ತು ರಸ್ತೆ ಸೇರುವಲ್ಲಿ ಮೆಟ್ಟಿಲು ಬೀಳುತ್ತದೆ. ಎರೆಯನ್ನು ಬೇಕಾದಷ್ಟು ಆಳಕ್ಕೆ ತೆಗೆದು ಗರಸು ತುಂಬುವುದು ಅಥವಾ ಸುಣ್ಣ ಬೆರೆಸಿ ಪಳಗಿಸುವುದು, ನೀರು ಇಂಗದಂತೆ ಚರಂಡಿ ಕಟ್ಟುವುದು, ಸೇತುವೆಯ ತುದಿಗೆ ಕಾಂಕ್ರೀಟಿನ ಸೇರುಚಪ್ಪಡಿ ಹಾಕುವುದು, ಇವು ಮೂರೂ ಆಗಬೇಕು.

ಭಾರದ ಬಗ್ಗೆಯೂ ಒಂದು ಮಾತು. ರಸ್ತೆಗೆ ಆಗುವ ಹಾನಿ ಲಾರಿಯ ಅಚ್ಚಿನ (ಆಕ್ಸಲ್) ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. 2018ರ ಜುಲೈನಲ್ಲಿ ನಾಲ್ಕು ಚಕ್ರದ ಒಂಟಿ ಅಚ್ಚಿನ ಅನುಮತಿಯ ಭಾರ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಕೇಳಲು ಸಣ್ಣ ಏರಿಕೆ, ಆದರೆ ಈ ಲೆಕ್ಕದಲ್ಲಿ ಹಾನಿ ಶೇ 60ರಷ್ಟು ಹೆಚ್ಚು. ಅತಿಭಾರ ತುಂಬಿದ ಲಾರಿಗಳದ್ದು ಇದಕ್ಕೂ ಮೇಲೆ. ಮೇ ತಿಂಗಳ ಬಿಸಿಲಿನಲ್ಲಿ ನಿಮ್ಮ ವೃತ್ತದ ನಿಲುಗಡೆ ಗೆರೆಯ ಬಳಿ ಬಗ್ಗಿ ನೋಡಿ: ಲಾರಿಗಳು ನಿಂತು ನಿಂತು ಡಾಂಬರು ಒತ್ತಿಕೊಂಡು ಎರಡು ಜಾಡುಗಳಾಗಿರುತ್ತವೆ, ನಡುವೆ ಡಾಂಬರಿನ ದಿಂಡು ಎದ್ದಿರುತ್ತದೆ. ಸ್ಕೂಟರಿನ ಮುಂದಿನ ಚಕ್ರ ಆ ದಿಂಡಿಗೆ ಸಿಕ್ಕಿ ಬಿದ್ದವರನ್ನು ನಾನು ಎತ್ತಿ ಕೂರಿಸಿದ್ದೇನೆ. ವೃತ್ತದ ನಾಲ್ಕೂ ಕಡೆ ನೂರು ಮೀಟರಿನಷ್ಟಾದರೂ ಕಾಂಕ್ರೀಟ್ ರಸ್ತೆ ಬೇಕು. ಮೇಲ್ಸೇತುವೆ ಕಟ್ಟಿದ ಮೇಲೂ ನಿಗಾ ತಪ್ಪಬಾರದು. ಬೆಂಗಳೂರಿನ ಪೀಣ್ಯದ ಮೇಲ್ಸೇತುವೆಯಲ್ಲಿ ಕಾಂಕ್ರೀಟನ್ನು ಬಿಗಿದಿಡುವ ಉಕ್ಕಿನ ಕೇಬಲ್‌ಗಳ ದೋಷ ಕಂಡು 2021ರ ಡಿಸೆಂಬರಿನಲ್ಲಿ ಸಂಚಾರ ನಿಂತಿತು. ಲಘು ವಾಹನಗಳಿಗೆ ಬೇಗ ಬಿಟ್ಟರೂ ಭಾರಿ ವಾಹನಗಳಿಗೆ 2024ರವರೆಗೆ ಪ್ರವೇಶವಿರಲಿಲ್ಲ. ಭಾರಿ ವಾಹನಗಳಿಗೆಂದೇ ಕಟ್ಟುವ ಸೇತುವೆ ಬಳ್ಳಾರಿಯಲ್ಲಿ ಹಾಗೆ ನಿಂತರೆ ಅಷ್ಟೂ ಲಾರಿಗಳು ಮತ್ತೆ ಕೆಳಗಿನ ವೃತ್ತಕ್ಕೇ ಬರುತ್ತವೆ.

ದಾಟಿ ಹೋಗುವ ಭಾರಿ ವಾಹನಗಳ ಪಾಲು ದೊಡ್ಡದೆಂದು ಎಣಿಕೆಯಲ್ಲಿ ಕಂಡುಬಂದರೆ ಅವುಗಳಿಗೆ ಊರ ಹೊರಗೆ ದಾರಿ ಕೊಡುವುದೇ ಮೊದಲ ಆಯ್ಕೆಯಾಗಬೇಕು. ಅದು ನಿಧಾನದ ಕೆಲಸ, ಹೊಲಗಳು ಹೋಗುತ್ತವೆ, ರಸ್ತೆಯ ಬದಿಗೆ ಅಂಗಡಿಗಳು ಎದ್ದು ಹತ್ತು ವರ್ಷದಲ್ಲಿ ಅದೂ ಪೇಟೆಯ ರಸ್ತೆಯಾಗುವ ಅಪಾಯವಿದೆ. ಪ್ರವೇಶಗಳನ್ನು ನಿಯಂತ್ರಿಸಿದರೆ ಮಾತ್ರ ಬಾಳಿಕೆ. ಹಾಗಿದ್ದರೂ ನಿಮ್ಮ ವೃತ್ತದಿಂದ ಒಂದು ಟ್ರೇಲರ್ ತೆಗೆದರೆ ನಾಲ್ಕು ಕಾರಿನ ಜಾಗ ಬಿಡುವಾಗುತ್ತದೆ.

ನಿಮ್ಮ ಮಗಳ ವಿಷಯವನ್ನು ಕಡೆಗೆ ಬಿಟ್ಟಿದ್ದೇನೆಂದು ತಿಳಿಯಬೇಡಿ. ಮೇಲ್ಸೇತುವೆ ಬಂದಾಗ ಕೆಳಗಿನ ರಸ್ತೆ ಖಾಲಿಯಾಗಿ ವೇಗ ಹೆಚ್ಚುತ್ತದೆ, ಇಳಿಜಾರಿನಿಂದ ಬರುವ ವಾಹನದ ವೇಗ ಇನ್ನೂ ಹೆಚ್ಚು. ಸೈಕಲ್ ತಳ್ಳಿಕೊಂಡು ಮೆಟ್ಟಿಲಿನ ಪಾದಚಾರಿ ಸೇತುವೆ ಹತ್ತುವ ಮಕ್ಕಳನ್ನು ನಾನು ಕಂಡಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತ ಅಜ್ಜಿಯೂ ಹತ್ತುವುದಿಲ್ಲ. ನೆಲದ ಮೇಲೆಯೇ, ಡಿವೈಡರಿನ ನಡುವೆ ಸೈಕಲ್ ಸಮೇತ ನಿಂತುಕೊಳ್ಳುವಷ್ಟು ಅಗಲದ ತಂಗುಜಾಗ, ದಾಟುವವರಿಗೆ ಪ್ರತ್ಯೇಕ ಹಸಿರು ದೀಪ, ಸೇತುವೆಯ ಕೆಳಗೆ ಒಳ್ಳೆಯ ಬೆಳಕು, ಇವು ನಕ್ಷೆಯಲ್ಲಿಯೇ ಇರಬೇಕು. ಆಮೇಲೆ ಸೇರಿಸುತ್ತೇವೆ ಎಂದದ್ದು ಎಲ್ಲಿಯೂ ಸೇರಿದ್ದನ್ನು ನಾನು ನೋಡಿಲ್ಲ.

ಕಾಮಗಾರಿಯ ಕಾಲದ ಕಷ್ಟ ಕೆಲಸದ ಕ್ರಮವನ್ನು ಅವಲಂಬಿಸಿದೆ. ಮೊದಲು ನೆಲದಡಿಯ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಕೇಬಲ್‌ಗಳನ್ನು ಸರಿಸಬೇಕು, ಬಳಿಕ ಸರ್ವಿಸ್ ರಸ್ತೆ ಹಾಗೂ ಚರಂಡಿ ಮುಗಿಸಬೇಕು, ಆಮೇಲೆ ಕಂಬದ ಗುಂಡಿ ತೋಡಬೇಕು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಈ ಕ್ರಮ ತಪ್ಪಿತು. ಯಾವ ನಕ್ಷೆಯಲ್ಲಿಯೂ ಇಲ್ಲದ ಹಳೆಯ ನೀರಿನ ಕೊಳವೆಗೆ ಯಂತ್ರ ತಾಗಿ, ಒಂದು ಬಡಾವಣೆಗೆ ನಾಲ್ಕು ದಿನ ನೀರು ನಿಂತಿತು. ಗುಂಡಿಯಲ್ಲಿ ತುಂಬಿದ ಕೆಸರಿನ ಎದುರು ಕೊಡ ಹಿಡಿದು ನಿಂತಿದ್ದ ಹೆಂಗಸರಿಗೆ ನಾವು ಕೊಡಬಹುದಾದ ಉತ್ತರ ಇರಲಿಲ್ಲ. ಅಲ್ಲಿಂದ ಮುಂದೆ ಯಂತ್ರ ತರುವ ಮೊದಲು ಕೈಯಿಂದ ಪರೀಕ್ಷಾ ಗುಂಡಿ ತೋಡಿಸದೆ ನಾನು ಯಾವ ಕೆಲಸವನ್ನೂ ಆರಂಭಿಸಗೊಟ್ಟಿಲ್ಲ.

ಕೊನೆಯದು ನಿಮ್ಮ ಅಂಗಡಿ. ರಾಷ್ಟ್ರೀಯ ಹೆದ್ದಾರಿಗಾಗಿ ಜಾಗ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ನಡೆಯುತ್ತದೆ. ಜಾಗ ತೆಗೆದುಕೊಳ್ಳುವ ಉದ್ದೇಶವನ್ನು ತಿಳಿಸುವ 3ಎ ಅಧಿಸೂಚನೆ ರಾಜಪತ್ರದಲ್ಲಿ ಬರುತ್ತದೆ, ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯದರಲ್ಲಿ, ಪ್ರಕಟವಾಗುತ್ತದೆ. ಆಕ್ಷೇಪಣೆಗೆ ಇರುವುದು 21 ದಿನ ಮಾತ್ರ, ಅದೂ ಲಿಖಿತವಾಗಿ, ಭೂಸ್ವಾಧೀನಕ್ಕೆ ನೇಮಕವಾದ ಅಧಿಕಾರಿಗೆ, ಅಂದರೆ ಸಕ್ಷಮ ಪ್ರಾಧಿಕಾರಕ್ಕೆ. ಒಂದು ವರ್ಷದೊಳಗೆ ಸ್ವಾಧೀನವನ್ನು ಖಚಿತಪಡಿಸುವ 3ಡಿ ಘೋಷಣೆ ಬಾರದಿದ್ದರೆ ಮೊದಲಿನ ಅಧಿಸೂಚನೆ ಬಿದ್ದುಹೋಗುತ್ತದೆ. ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶವಿದೆ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು ಹೆದ್ದಾರಿಗೂ ಅನ್ವಯಿಸುತ್ತವೆ. ಆದರೆ ರಸ್ತೆಯ ಸ್ವಂತ ಗಡಿಯೊಳಗೆ ಚಾಚಿಕೊಂಡ ಭಾಗವನ್ನು ನಿಮ್ಮ ಜಾಗವೆಂದು ಎಣಿಸಿ ಪರಿಹಾರ ಕೊಡುವುದಿಲ್ಲ. ಆದ್ದರಿಂದ ಸುದ್ದಿಗೆ ಕಾಯದೆ ಈಗಲೇ ಸರ್ವೆ ಮಾಡಿಸಿ, ನಿಮ್ಮ ಗೋಡೆಗೂ ರಸ್ತೆಯ ಗಡಿಗೂ ಎಷ್ಟು ಅಂತರ ಎಂದು ಅಳೆಸಿ, ತಂದೆಯವರ ಹೆಸರಿನಲ್ಲಿಯೇ ಖಾತೆ ಉಳಿದಿದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಿ, ತೆರಿಗೆ ರಸೀದಿ ಮತ್ತು ಕಟ್ಟಡ ಪರವಾನಗಿಯನ್ನು ಒಂದೇ ಕಡತದಲ್ಲಿಡಿ. ಆಕ್ಷೇಪಣೆ ಬರೆಯುವಾಗ ಜಾಗ ಕೊಡುವುದಿಲ್ಲ ಎಂದಷ್ಟೇ ಬರೆಯಬೇಡಿ. ಬಲ, ನೇರ, ಎಡ ತಿರುವುಗಳ ಎಣಿಕೆಯ ಹಾಳೆಗಳನ್ನು ತೋರಿಸಿ ಎಂದು ಬರೆಯಿರಿ, ಮೂಲೆಯ ಜಾಗ ಯಾವ ತಿರುವಿಗಾಗಿ ಬೇಕಾಗಿದೆ ಮತ್ತು ಆ ತಿರುವನ್ನು ದಿನಕ್ಕೆ ಎಷ್ಟು ವಾಹನಗಳು ಬಳಸುತ್ತವೆ ಎಂದು ಕೇಳಿ.